ಕಲಶದ ಕಾಯಿ

ಶನಿವಾರ ಬೆಳಿಗ್ಗೆ ಪೇಪರ್ ಓದುತ್ತ ಕೂತವನ ಮಡಿಲಿಗೆ ನನ್ನ ಹೆಂಡತಿ ಒಂದು ತೆಂಗಿನಕಾಯಿ ಇಟ್ಟು, "ರೀ, ಇದನ್ನ ಒಡೆದು ತುರಿದುಕೊಡಿ, ಪಾಯಸಕ್ಕೆ" ಎಂದಳು. ಕಾಯಿಯ ಮೇಲೆ ಅಲ್ಲಲ್ಲಿ ಅರಿಶಿನ ಮೆತ್ತಿಕೊಂಡಿತ್ತು. ಎಲ್ಲೋ ನೋಡಿದ ಮುಖ ಅನ್ನಿಸಿತು. ನೋಡಿದ್ದು ಹೌದು. ಹಿಂದಿನ ದಿನ ಇದೇ ಕಾಯಿ ನಮ್ಮ ನಡುಮನೆಯಲ್ಲಿ ಬೆಳ್ಳಿಯ ಮುಖವಾಡ ತೊಟ್ಟು, ಮೂಗುತಿ ಇಟ್ಟು, ಇವಳ ಮದುವೆಯ ಸೀರೆ ಉಟ್ಟು ವರಮಹಾಲಕ್ಷ್ಮಿಯಾಗಿ ಕೂತಿತ್ತು. ಮೂರು ಮಹಡಿಯ ಹೆಂಗಸರೂ ಬಂದು ನಮಸ್ಕಾರ ಮಾಡಿ ಕುಂಕುಮ ತೆಗೆದುಕೊಂಡು ಹೋಗಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ನಾನೂ ಕೈಮುಗಿದು, ಬರಬೇಕಾದ ಪಿಂಚಣಿ ಬಾಕಿಯ ವಿಷಯವನ್ನು ಮೆಲ್ಲಗೆ ಕಿವಿಗೆ ಹಾಕಿದ್ದೆ. ನಿನ್ನೆ ಯಾರಿಗೆ ಅರ್ಜಿ ಕೊಟ್ಟೆನೋ ಅವರ ತಲೆಯ ಮೇಲೆ ಇವತ್ತು ಕತ್ತಿ ಎತ್ತುವುದೆಂದರೆ, ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಕೈ ಏಳುವುದಿಲ್ಲ.

"ಏನೂ ಆಗಲ್ಲ, ಕದಲಿಸಿ ಆಯ್ತು" ಎಂದಳು ಅವಳು. ಕದಲಿಸುವುದೆಂದರೆ ಇಷ್ಟೆ: ಆರತಿ ಎತ್ತಿ ಕಲಶವನ್ನು ಒಂದು ಬೆರಳಿನಷ್ಟು ಸರಿಸುವುದು. ಆ ಒಂದು ಬೆರಳಿನ ದೂರದಲ್ಲಿ ಲಕ್ಷ್ಮಿ ಹೋಗಿ ಕಾಯಿ ಬರುತ್ತದೆ. ಒಂದೇ ಷರತ್ತು, ಅದನ್ನು ಹುಳಿಗೆ ಹಾಕುವಂತಿಲ್ಲ, ಸಿಹಿಗೇ ಹಾಕಬೇಕು. ಒಂದು ದಿನ ದೇವಿಯಾಗಿದ್ದ ಕಾಯಿಗೆ ಸಿಗುವ ನಿವೃತ್ತಿ ಸೌಲಭ್ಯ ಅದೊಂದೇ.

ಈ ಕಾಯಿ ಲಕ್ಷ್ಮಿಯಾದ ಬಗೆ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನು ತಂದವನು ನಾನೇ. ಬುಧವಾರ ಇವಳು "ಐದು ಕಾಯಿ ತನ್ನಿ" ಎಂದಿದ್ದಳು. ಹಬ್ಬಕ್ಕೆ ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಅಂಗಡಿಯವನು ನಾಲ್ಕನ್ನು ಬೋಳು ಬೋಳಾಗಿ ಸುಲಿದ. ಐದನೆಯದನ್ನು ಸುಲಿಯುವಾಗ ಅವನಿಗೆ ಫೋನ್ ಬಂತು. ಕೆನ್ನೆಗೂ ಹೆಗಲಿಗೂ ನಡುವೆ ಫೋನ್ ಒತ್ತಿಕೊಂಡು ಯಾರಿಗೋ ಬೈಯುತ್ತ, ಜುಟ್ಟು ಕೀಳುವುದನ್ನು ಮರೆತು ಹಾಗೇ ಚೀಲಕ್ಕೆ ಹಾಕಿದ. ಮನೆಗೆ ಬಂದ ಮೇಲೆ ನನಗೆ ಮಂಗಳಾರತಿ ಆಯಿತು. "ಜುಟ್ಟಿಲ್ಲದ ಕಾಯಿ ಕಲಶಕ್ಕೆ ಇಡ್ತಾರೇನ್ರೀ?" ಕೊನೆಗೆ ಚೀಲದ ತಳದಲ್ಲಿ ಆ ಅರೆಬರೆ ಸುಲಿದದ್ದು ಸಿಕ್ಕಿತು. ನುಣ್ಣಗೆ ಸುಲಿಸಿಕೊಂಡ ನಾಲ್ಕರಲ್ಲಿ ಒಂದು ಅಂದು ರಾತ್ರಿಯೇ ಚಟ್ನಿಯಾಯಿತು. ಕೆಲಸ ಕೆಟ್ಟದ್ದು ಮಣೆ ಏರಿತು.

ಮನುಷ್ಯರು ಯಾರನ್ನಾದರೂ ಆರಿಸಬೇಕಾದರೆ ಅರ್ಜಿ, ಅಂಕಪಟ್ಟಿ, ಸಂದರ್ಶನ, ವೈದ್ಯರ ಸರ್ಟಿಫಿಕೇಟು ಎಲ್ಲ ಬೇಕು. ಇಷ್ಟೆಲ್ಲ ಮಾಡಿಯೂ ನಮ್ಮ ಕಚೇರಿಗೆ ಎಂಥೆಂಥವರು ಬಂದು ಕೂತರೆಂದು ಈಗ ಹೇಳಿ ಫಲವಿಲ್ಲ. ದೇವರ ಆಯ್ಕೆ ಹಾಗಲ್ಲ. ಅವನದು ನನ್ನ ಅಜ್ಜಿಯ ಪದ್ಧತಿ. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಆಗಬೇಕು; ಇಲ್ಲದ್ದಕ್ಕೆ ಪೇಟೆಗೆ ಆಳು ಕಳಿಸುವ ವಹಿವಾಟಿಲ್ಲ.

ಉಡುಪಿಯ ಕಡೆ ಹುಟ್ಟಿದವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ. ದ್ವಾರಕೆಯಿಂದ ಬರುತ್ತಿದ್ದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿ, ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ಅದನ್ನು ದಡ ಸೇರಿಸಿದ ಕತೆ ನಮಗೆ ಅನ್ನದ ಜೊತೆ ಕಲಸಿ ಕೊಟ್ಟದ್ದು. ಹಡಗಿನವನು ಬದುಕಿಕೊಂಡ ಖುಷಿಯಲ್ಲಿ ಏನು ಬೇಕಾದರೂ ಕೇಳಿ ಎಂದ. ಆಚಾರ್ಯರು ಕೇಳಿದ್ದು ಹಡಗು ಹೊಯ್ದಾಡದಿರಲೆಂದು ತಳದಲ್ಲಿ ಭಾರಕ್ಕೆ ಹಾಕಿದ್ದ ಗೋಪೀಚಂದನದ ಹೆಂಟೆಗಳನ್ನು. ಒಂದರೊಳಗೆ ಬಲರಾಮ ಸಿಕ್ಕಿದ. ಅವನು ಈಗಲೂ ಮಲ್ಪೆಯ ಹತ್ತಿರ ವಡಭಾಂಡೇಶ್ವರದಲ್ಲಿದ್ದಾನೆ. ಇನ್ನೊಂದರಲ್ಲಿ ಕೈಯಲ್ಲಿ ಕಡೆಗೋಲು ಹಿಡಿದ ಬಾಲಕೃಷ್ಣ. ಅಜ್ಜಿ ಈ ಕತೆ ಹೇಳುವಾಗ ಅವಳ ಲಕ್ಷ್ಯವೆಲ್ಲ ಕೃಷ್ಣನ ಮೇಲೆ, ನನ್ನದು ಆ ಹಡಗಿನವನ ಮೇಲೆ. ಮೇಲಟ್ಟದಲ್ಲಿ ಬೆಲೆಬಾಳುವ ಸರಕು ಇಟ್ಟುಕೊಂಡು, ಅದಕ್ಕೆ ನೀರು ತಾಗೀತೆಂದು ದಾರಿಯುದ್ದಕ್ಕೂ ನಿದ್ದೆಗೆಟ್ಟಿದ್ದಾನು. ಕೆಳಗಿನ ಹೆಂಟೆಯ ಮೇಲೆ ಕಾಲಿಟ್ಟು ಎಷ್ಟು ಸಲ ಹತ್ತಿಳಿದನೋ! ಈ ಸನ್ಯಾಸಿಗೆ ವ್ಯಾಪಾರ ತಿಳಿಯದು, ಅಗ್ಗದಲ್ಲಿ ಪಾರಾದೆ ಎಂದು ಬಂದರಿನಲ್ಲಿ ನಕ್ಕಿರಲೂ ಸಾಕು. ಅವನ ಸರಕು ಯಾವುದು, ಯಾರು ಕೊಂಡರು, ಕತೆ ಹೇಳುವುದಿಲ್ಲ. ಭಾರಕ್ಕೆ ಹಾಕಿದ್ದಷ್ಟೇ ಕತೆಯಲ್ಲಿ ಉಳಿಯಿತು.

ಆ ಬಾಲಕೃಷ್ಣನಿರುವ ಉಡುಪಿಯ ಕೃಷ್ಣಮಠದ ಅಧಿಕಾರ ಹಸ್ತಾಂತರವನ್ನು ನೋಡಿದ್ದೀರಾ? ಎಂಟು ಮಠಗಳ ಯತಿಗಳು ಸರದಿಯಂತೆ ಎರಡೆರಡು ವರ್ಷ ಪೂಜೆ ವಹಿಸಿಕೊಳ್ಳುವ ಪರ್ಯಾಯ, ಸಮಸಂಖ್ಯೆಯ ವರ್ಷದ ಜನವರಿ 18ರ ನಸುಕಿಗೆ. ಊರಿಗೆ ಊರೇ ಎದ್ದು ಕೂತಿರುತ್ತದೆ. ರಾಜದಂಡವೋ ಕಿರೀಟವೋ ಕೈ ಬದಲಾಗುತ್ತದೆಂದು ಕಾದರೆ, ಇಳಿಯುವ ಯತಿ ಏರುವ ಯತಿಗೆ ಕೊಡುವುದು ಗರ್ಭಗುಡಿಯ ಕೀಲಿಕೈ, ಅಕ್ಷಯಪಾತ್ರೆ, ಮತ್ತೆ ಒಂದು ಸಟ್ಟುಗ. ಹೌದು, ಅನ್ನ ಬಡಿಸುವ ಸಟ್ಟುಗವೇ. ಅದಕ್ಕೂ ಮುಂಚಿನ ಮುಹೂರ್ತಗಳೆಂದರೆ ಬಾಳೆಗೆ ಒಂದು, ಅಕ್ಕಿಗೆ ಒಂದು, ಕಟ್ಟಿಗೆಗೆ ಒಂದು, ಭತ್ತಕ್ಕೆ ಒಂದು. ಸೌದೆಯನ್ನು ರಥದ ಆಕಾರಕ್ಕೆ ಒಟ್ಟಿ ನಿಲ್ಲಿಸುತ್ತಾರೆ. ಬೇರೆ ಊರಿನ ನೆಂಟರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಮೆಲ್ಲಗೆ ಅಡುಗೆಗೆ ಉರಿದುಹೋಗುತ್ತದೆ. ಇನ್ನು ಕನಕದಾಸರಿಗೆ ಕೃಷ್ಣ ಕಾಣಿಸಿಕೊಂಡನೆಂಬ ಕನಕನ ಕಿಂಡಿಯ ಮಾತು ಎತ್ತುವುದೇ ಬೇಡ. ಗೋಡೆ ಬಿರುಕು ಬಿಟ್ಟ ಜಾಗವನ್ನು ನಮ್ಮ ಕಾಲದ ಯಾವ ಇಂಜಿನಿಯರನೂ ಸಿಮೆಂಟು ಮೆತ್ತದೆ ಬಿಡುತ್ತಿರಲಿಲ್ಲ.

ಹೆಂಡತಿ ಮಂಡ್ಯದ ಕಡೆಯವಳು. ಅವಳ ಕಡೆ ಸಗಣಿಯನ್ನು ಮುಷ್ಟಿಯಲ್ಲಿ ಹಿಚುಕಿ, ನೆತ್ತಿಗೆ ನಾಲ್ಕು ಎಳೆ ಗರಿಕೆ ಸಿಕ್ಕಿಸಿದರೆ ಬೆನಕ. ಅವನಿಗೆ ಸೊಂಡಿಲೂ ಇಲ್ಲ, ಹೊಟ್ಟೆಯೂ ಇಲ್ಲ. ಕೂತ ಭಂಗಿಯಲ್ಲೇ ಗಣಪತಿ ಎಂದು ಗುರುತು ಹಿಡಿಯಬೇಕು. ಗದಗದ ನನ್ನ ಗೆಳೆಯನೊಬ್ಬ ಇದನ್ನು ಕೇಳಿ, "ನಿಮ್ಮ ಗಣಪತೀನ ಏನ್ ಹೇಳ್ತೀಯೋ, ಮಳಿ ತಂದಾಂವ ನಮ್ಮ ಜೋಕುಮಾರ" ಎಂದ. ಅವರಲ್ಲಿ ನಂಬಿಕೆ ಹೀಗಿದೆ: ಗಣಪತಿ ಭೂಮಿಗೆ ಬಂದು, ಮನೆಮನೆಯಲ್ಲಿ ಕಡುಬು ತಿಂದು, ಕೈಲಾಸಕ್ಕೆ ಹೋಗಿ ಎಲ್ಲ ಸುಭಿಕ್ಷವೆಂದು ವರದಿ ಕೊಡುತ್ತಾನೆ. ಮಂತ್ರಿಗಳು ಬರುವ ದಿನ ರಸ್ತೆಗೆ ಸುಣ್ಣ ಬಳಿದಿರುತ್ತಾರಲ್ಲ, ಹಾಗೆ. ಅವನ ಬೆನ್ನಿಗೇ ಭಾದ್ರಪದದ ಅಷ್ಟಮಿಗೆ ಜೋಕುಮಾರ ಹುಟ್ಟುತ್ತಾನೆ. ಮಣ್ಣಿನ ಗೊಂಬೆ, ಬಾಯಿಗೆ ಬೆಣ್ಣೆ, ಬುಟ್ಟಿಯ ತುಂಬ ಬೇವಿನ ಸೊಪ್ಪು. ಹೆಂಗಸರು ತಲೆಯ ಮೇಲೆ ಹೊತ್ತು ಹಾಡುತ್ತ ಓಣಿ ಓಣಿ ಸುತ್ತಿಸುತ್ತಾರೆ. ಬುಟ್ಟಿಯಲ್ಲಿ ಕೂತವನಿಗೆ ಕಾಣುವುದು ಬಿರಿದ ಹೊಲ, ಬಾಡಿದ ಬೆಳೆ. ಏಳೇ ದಿನಕ್ಕೆ ಸಾಯುತ್ತಾನೆ, ಸತ್ತು ಹೋಗಿ ಶಿವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ, ಮಳೆ ಬರುತ್ತದೆ. ಗಣಪತಿಗೆ ಮಂಟಪ, ಚಂದಾ, ಮೈಕು. ಮಳೆಯ ಕೆಲಸ ಆದದ್ದು ಬುಟ್ಟಿಯವನಿಂದ.

ವಸ್ತುಗಳ ಮಾತು ಸರಿ, ಮನುಷ್ಯರ ಪಾಡೇನು? ನನ್ನದೇ ಒಂದು ಅನುಭವವುಂಟು, ಹೇಳಿಕೊಳ್ಳಲು ಸಂಕೋಚವಾದರೂ. ಹಲವು ವರ್ಷಗಳ ಹಿಂದೆ ಒಂದು ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಪಕ್ಕದವನು "ಸ್ವಲ್ಪ ಪೆನ್ನು ಕೊಡ್ತೀರಾ ಸರ್" ಎಂದ. ಹೊಸ ಪೆನ್ನು. ಮನಸ್ಸಿಲ್ಲದ ಮನಸ್ಸಿನಿಂದ, ಮುಚ್ಚಳ ನನ್ನಲ್ಲೇ ಇಟ್ಟುಕೊಂಡು ಕೊಟ್ಟೆ. ಮುಚ್ಚಳ ಕೈಲಿದ್ದರೆ ಪೆನ್ನು ತಾನಾಗಿ ಬರುತ್ತದೆಂಬುದು ನಮ್ಮ ಕಚೇರಿಯ ಪರಂಪರೆಯ ನಂಬಿಕೆ. ಬರಲಿಲ್ಲ. ಆತ ಫಾರಂ ತುಂಬಿ, ಕೌಂಟರಿಗೆ ಓಡಿ, ಹಾಗೇ ಮಾಯವಾದ. ಆ ಮುಚ್ಚಳ ನೋಡಿದಾಗಲೆಲ್ಲ ಒಂದು ವಾರ ಶಪಿಸಿದೆ. ಎಷ್ಟೋ ವರ್ಷದ ಮೇಲೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಎದುರು ಕೂತವನು ನನ್ನನ್ನೇ ನೋಡಿ ನೋಡಿ, ಎದ್ದು ಬಂದು ಕೈ ಹಿಡಿದುಕೊಂಡ. ಅಂದು ಮಗಳ ನರ್ಸಿಂಗ್ ಕಾಲೇಜಿಗೆ ಫೀಸು ಕಟ್ಟಲು ಕೊನೆಯ ದಿನವಂತೆ, ಡಿಡಿ ತೆಗೆಯುವ ಕೌಂಟರು ಮುಚ್ಚಲು ಐದು ನಿಮಿಷವಿತ್ತಂತೆ. "ದೇವರ ಹಾಗೆ ಬಂದ್ರಿ ಸರ್." ಹುಡುಗಿ ಈಗ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ. ನಾನು ಗಂಭೀರವಾಗಿ ತಲೆಯಾಡಿಸಿದೆ. ನಾಲಗೆಯ ತುದಿಗೆ ಬಂದ "ಆ ಪೆನ್ನು?" ಎಂಬ ಪ್ರಶ್ನೆಯನ್ನು ಹೋಳಿಗೆಯ ಜೊತೆ ನುಂಗಿದೆ. ಅವತ್ತು ದೇವರಿಗೆ ಬೇಕಿದ್ದದ್ದು ಪೆನ್ನು. ನಾನು ಅದರ ಜೇಬು, ಅದೂ ಹೊಲಿಗೆ ಗಟ್ಟಿಯಿದ್ದ ಜೇಬು.

ಆದರೂ ಒಂದು ತಿಂಗಳು ನನ್ನ ನಡಿಗೆ ಬದಲಾಗಿತ್ತೆಂದು ಹೆಂಡತಿ ಹೇಳುತ್ತಾಳೆ. ಮನುಷ್ಯನ ತೊಂದರೆಯೇ ಇದು. ಕಾಯಿಯನ್ನು ಕದಲಿಸಬಹುದು, ನಮ್ಮನ್ನು ಕದಲಿಸುವುದು ಕಷ್ಟ. ಒಮ್ಮೆ ಹಾರ ಬಿದ್ದ ಕುತ್ತಿಗೆ ಮತ್ತೆ ಬಗ್ಗುವುದಿಲ್ಲ. ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಫ್ಯಾನಿನ ಮೂರು ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸಿದ್ದಾರೆ. ಫ್ಯಾನು ಗಾಳಿ ಬೀಸುವಷ್ಟು ಹೊತ್ತೂ ಅದು ಯಾರಿಗೂ ಕಾಣುವುದಿಲ್ಲ. ಕರೆಂಟು ಹೋದಾಗ ಮಾತ್ರ ಓದಬಹುದು.

ಇಷ್ಟು ಹೇಳಿ ನಗಬಹುದಿತ್ತು. ಆದರೆ ಕದಲಿಸುವ ಮಾತು ಬಂದಾಗಲೆಲ್ಲ ನನಗೆ ಊರಿನ ಒಂದು ಬೆಳಗು ನೆನಪಾಗುತ್ತದೆ.

ನಮ್ಮ ತರವಾಡು ಮನೆಯಲ್ಲಿ ವರ್ಷಕ್ಕೊಮ್ಮೆ ದೈವದ ಕೋಲ. ದೈವ ಕಟ್ಟುವವನು ನಮ್ಮ ತೋಟದ ಬೇಲಿ ಕೆಲಸಕ್ಕೂ ಬರುತ್ತಿದ್ದವನೇ. ಸಂಜೆ ಎಣ್ಣೆಬೂಳ್ಯ, ಅಂದರೆ ಎಣ್ಣೆ ವೀಳ್ಯ, ಕೊಟ್ಟ ಮೇಲೆ ಅವನು ಸ್ನಾನ ಮಾಡಿ ಬಂದು, ಗೋಡೆಗೆ ಒರಗಿ ಕೂತು, ಚಿಕ್ಕ ಕನ್ನಡಿ ಹಿಡಿದು ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುವುದನ್ನು ನಾವು ಮಕ್ಕಳು ಸುತ್ತ ಕೂತು ನೋಡುತ್ತಿದ್ದೆವು. ಸೊಂಟಕ್ಕೆ ತೆಂಗಿನ ಎಳೆಗರಿ, ಬೆನ್ನಿಗೆ ಅಣಿ. ತೋಟದಲ್ಲಿ ಬಿದ್ದಿರುವ ಗರಿಯೇ, ಹಾಳೆಯೇ. ಕಾಲಿಗೆ ಗಗ್ಗರ ಬಿದ್ದದ್ದೇ ಅವನ ಕಣ್ಣು ಬೇರೆಯಾಗುತ್ತಿತ್ತು. ಆ ವರ್ಷ ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಗಡಿಯ ಮೇಲಿನ ಒಂದು ಹಲಸಿನ ಮರಕ್ಕಾಗಿ ಕೋರ್ಟಿನಲ್ಲಿ ವ್ಯಾಜ್ಯ. ನಡುರಾತ್ರಿ ದೈವ ಇಬ್ಬರನ್ನೂ ಎದುರು ನಿಲ್ಲಿಸಿ ತುಳುವಿನಲ್ಲಿ ನುಡಿ ಕೊಟ್ಟಿತು: ಮೂರು ವರ್ಷದಿಂದ ಹಣ್ಣು ಬಿದ್ದು ಕೊಳೆಯುತ್ತಿದೆ, ನನಗೂ ಒಂದು ತೊಳೆ ಸಿಗಲಿಲ್ಲವಲ್ಲ? ವಕೀಲರಿಗೆ ಬಗ್ಗದ ಇಬ್ಬರೂ ತಲೆ ತಗ್ಗಿಸಿ ಕೈಮುಗಿದರು. ಕೇಸು ಹಿಂದಕ್ಕೆ ಬಂತು. ಆ ಮರದ ಹಣ್ಣು ನಾನೂ ತಿಂದಿದ್ದೇನೆ.

ಬೆಳಗಾಯಿತು. ಅವನು ಅಂಗಳದ ಆಚೆ, ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಕಿವಿಯ ಹಿಂದೆ ಅರದಾಳ ಇನ್ನೂ ಉಳಿದಿತ್ತು. ಅವನಿಗೆ ಚಹಾ ಹೋದದ್ದು ಬೇರೆಯೇ ಇಟ್ಟಿದ್ದ ಲೋಟದಲ್ಲಿ, ಎತ್ತರದಿಂದ ಸುರಿದು. "ಅವರು ಯಾಕೆ ಜಗಲಿಗೆ ಬರುವುದಿಲ್ಲ?" ಎಂದು ದೊಡ್ಡಪ್ಪನನ್ನು ಕೇಳಿದೆ. ರಾತ್ರಿಯ ಗುಂಗಿನಲ್ಲಿ ಬಹುವಚನ ಬಾಯಿಗೆ ಬಂದಿತ್ತು. ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ, "ಅದು ದೈವ ಮಗಾ. ಇವ ಇವನೇ" ಎಂದರು.

ಆ ಮಾತು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ದೇವರು ಸಾಮಾನ್ಯರನ್ನು ಆರಿಸುತ್ತಾನೆ ಎಂದು ನಾವು ಭಕ್ತಿಯಿಂದ ಹೇಳುತ್ತೇವೆ. ಅವನ ಆರಿಸುವಿಕೆಯಲ್ಲಿ ನನಗೆ ದೋಷ ಕಾಣುವುದಿಲ್ಲ. ನಮ್ಮ ಕದಲಿಸುವಿಕೆಯಲ್ಲಿ ಕಾಣುತ್ತದೆ. ಒಂದು ದಿನದ ಲಕ್ಷ್ಮಿಯಾದ ಕಾಯಿಗೆ ಹುಳಿ ಬೇಡ, ಸಿಹಿಯೇ ಆಗಬೇಕೆಂಬ ಮರ್ಯಾದೆಯಾದರೂ ಇದೆ. ರಾತ್ರಿಯಿಡೀ ದೈವವಾಗಿ ಮನೆಯೊಂದನ್ನು ಒಡೆಯದಂತೆ ಉಳಿಸಿದವನಿಗೆ ಬೇಲಿಯ ಬದಿಯ ಕಲ್ಲು. 2022ರಲ್ಲಿ, 'ಕಾಂತಾರ' ಸಿನಿಮಾ ಊರೆಲ್ಲ ಓಡುತ್ತಿದ್ದಾಗ, 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ಸರಕಾರ ಘೋಷಿಸಿತು. ಪೇಪರಿನಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಲೋಟ.

ಹೀಗೆ ಕದಲಿಸಿಕೊಳ್ಳಲು ಒಪ್ಪದವರೂ ಇದ್ದರು ಎಂಬುದೇ ಸಮಾಧಾನ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನುಲಿಯ ಚಂದಯ್ಯ ಎಂಬ ಶರಣ ಹಗ್ಗ ಹೊಸೆಯುತ್ತಿದ್ದ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತಂತೆ. ಬೇರೆಯವರಾಗಿದ್ದರೆ ಗೋಳಾಡಿ ಕೆರೆ ಕಲಕುತ್ತಿದ್ದರು. ಚಂದಯ್ಯ ಹುಲ್ಲಿನ ಹೊರೆ ಎತ್ತಿಕೊಂಡು ಮನೆಯ ದಾರಿ ಹಿಡಿದ. ಲಿಂಗವೇ ಹಿಂದೆ ಬಂದು ನನ್ನನ್ನು ಸೇರಿಸಿಕೋ ಎಂದು ಬೇಡಿತು. ಕೊನೆಗೆ ಅವನು ಅದನ್ನು ಹಗ್ಗ ಮಾರುವ ಕೆಲಸಕ್ಕೆ ಹಚ್ಚಿದ ಎಂದು ಕತೆ. ದೇವರು ಜನರನ್ನು ಬಳಸಿಕೊಂಡ ಕತೆಗಳು ಬೇಕಾದಷ್ಟಿವೆ. ದೇವರನ್ನು ಸಂತೆಗೆ ಕಳಿಸಿದವನು ನನಗೆ ಗೊತ್ತಿರುವಂತೆ ಇವನೊಬ್ಬನೇ.

"ಏನ್ರೀ, ಒಡೆದ್ರಾ?" ಎಂದು ಒಳಗಿನಿಂದ ಕೂಗು ಬಂತು. ಮನಸ್ಸಿನಲ್ಲೇ ಕ್ಷಮೆ ಕೇಳಿ, ಪಿಂಚಣಿ ಬಾಕಿಯನ್ನು ಇನ್ನೊಮ್ಮೆ ನೆನಪಿಸಿ, ಕತ್ತಿಯ ಬೆನ್ನಿನಿಂದ ಒಂದು ಏಟು ಹಾಕಿದೆ. ಸರಿಯಾಗಿ ಎರಡು ಹೋಳು. ತುರಿದು ಕೊಟ್ಟೆ. ಪಾಯಸ ಚೆನ್ನಾಗಿತ್ತು, ಎರಡು ಬಟ್ಟಲು ಕುಡಿದೆ. ಬಟ್ಟಲಿಡಲು ಅಡುಗೆಮನೆಗೆ ಹೋದರೆ ಅವಳು ಸಿಂಕಿನ ಮುಂದೆ ನಿಂತು ತಳ ಹತ್ತಿದ ಪಾಯಸದ ಪಾತ್ರೆಯನ್ನು ಗಸಗಸ ತಿಕ್ಕುತ್ತಿದ್ದಳು. ಕೈಯಲ್ಲಿದ್ದದ್ದು ಆ ಕಾಯಿಯ ಜುಟ್ಟಿನ ನಾರು.