ಸರ್ವರ್ ಸಾಹೇಬರೇ, ಜೂನ್‌ನಲ್ಲೇ ಬಡಿಸಿ

ಹೆಬ್ಬಾಳ, ಮೈಸೂರು

ಹೆಣ್ಣುಮಕ್ಕಳ ವಿದ್ಯಾರ್ಥಿವೇತನ ಹಂಚುವ ಸರ್ವರ್ ಸಾಹೇಬರಿಗೆ ಸಾಷ್ಟಾಂಗ ನಮಸ್ಕಾರ. ನಮ್ಮ ಹೋಟೆಲುಗಳಲ್ಲೂ ಸರ್ವರ್‌ಗಳಿದ್ದಾರೆ. ದೋಸೆ ತರುವ ಮುನ್ನ ಅವರು ಗಿರಾಕಿಯ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಕೇಳುವುದಿಲ್ಲ. ತಾವು ಕೇಳುತ್ತೀರಿ. ಆಧಾರ್‌ಗೂ ಶಾಲೆಯ ದಾಖಲೆಗೂ ಹೆಸರಿನ ಒಂದಕ್ಷರ ತಾಳೆಯಾಗದಿದ್ದರೆ ತಮ್ಮ ಪಾಲಿಗೆ ಆ ಹುಡುಗಿ ಹುಟ್ಟಿಯೇ ಇಲ್ಲ. ಸಾವಿರಾರು ಎಂಜಿನಿಯರುಗಳನ್ನು ತಯಾರು ಮಾಡುವ ಇನ್ಫೊಸಿಸ್ ಆವರಣವಿರುವ ಹೆಬ್ಬಾಳದಿಂದಲೇ ಇದನ್ನು ಬರೆಯಬೇಕಾದುದು ನಮ್ಮ ಗ್ರಹಚಾರ. ತಾವು ಕೊಡುವುದು ಕಡಿಮೆ ಎಂದು ನನ್ನ ತಕರಾರಲ್ಲ. ಹೊತ್ತು ಮೀರಿ ಕೊಡುತ್ತೀರಿ ಎಂದು.

ಬಡವರ ಮನೆಯ ಹುಡುಗಿ ಶಾಲೆ ಬಿಡುವುದಕ್ಕೂ ಒಂದು ಹೊತ್ತಿದೆ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ, ಎಂಟನೇ ತರಗತಿಗೆ ಕೈ ಬಿಡುತ್ತದೆ. ಅಲ್ಲಿಂದಾಚೆ ಹೈಸ್ಕೂಲು ದೂರ, ಜೂನ್ ತಿಂಗಳ ಖರ್ಚು ಹತ್ತಿರ. ಇದಕ್ಕೆ ಕೇಂದ್ರ ಸರ್ಕಾರ 2008ರಲ್ಲಿ ಕಂಡುಕೊಂಡ ಮದ್ದು ನೋಡಿ: ಒಂಬತ್ತಕ್ಕೆ ಸೇರಿದ ಪರಿಶಿಷ್ಟ ಹುಡುಗಿಯರ ಹೆಸರಲ್ಲಿ 3,000 ರೂಪಾಯಿ ಠೇವಣಿ; ಹತ್ತನೇ ತರಗತಿ ಪಾಸಾಗಿ, 18 ತುಂಬಿದ ಮೇಲೆ ಬಡ್ಡಿಸಮೇತ ಕೈಗೆ. ಊಟಕ್ಕಿಲ್ಲದ ಉಪ್ಪಿನಕಾಯಿ! ಅದಕ್ಕೂ ಮೊದಲೇ, 2006ರಲ್ಲಿ, ಬಿಹಾರ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ಲಿನ ದುಡ್ಡು ಕೊಟ್ಟಿತು. ಇದರಿಂದ ವಯಸ್ಸಿಗೆ ಸರಿಯಾಗಿ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ಮುರಳೀಧರನ್ ಮತ್ತು ಪ್ರಕಾಶ್ ಲೆಕ್ಕ ಹಾಕಿದ್ದಾರೆ. ನಮ್ಮಲ್ಲೂ 2006-07ರಿಂದ ಎಂಟನೇ ತರಗತಿಗೆ ಸೈಕಲ್ ಬಂತು, ಕೋವಿಡ್ ಕಾಲಕ್ಕೆ ನಿಂತಿತು. ಠೇವಣಿಗಿಲ್ಲದ ಗುಣವೊಂದು ಸೈಕಲ್ಲಿಗಿದೆ: ಅದನ್ನು ಪಾಸಾದ ಮೇಲೆ ಬಡ್ಡಿಸಮೇತ ತುಳಿಯಲಾಗದು.

‘ದಾಖಲೆ ಕೇಳದಿದ್ದರೆ ಕಳ್ಳರು ತಿನ್ನುತ್ತಾರೆ’ ಎನ್ನುವಿರಿ. ಖೊಟ್ಟಿ ಹೆಸರುಗಳ ಕಾಟ ಸುಳ್ಳಲ್ಲ. ಆದರೆ ಅದೇ ಹುಡುಗಿಗೆ ಶಾಲೆ ದಿನಾ ತಲೆ ಎಣಿಸಿ ಬಿಸಿಯೂಟ ಹಾಕುತ್ತಿದೆ. ಅನ್ನಕ್ಕೆ ಸಾಲುವ ಹಾಜರಿ ಪುಸ್ತಕ ಮೊದಲ ಕಂತಿಗೆ ಏಕೆ ಸಾಲದು? ‘ದುಡ್ಡು ಕೊಟ್ಟರೆ ಅಪ್ಪ ಕುಡಿದು ಹಾಕುತ್ತಾನೆ’ ಎನ್ನುವವರು ಆಫ್ರಿಕಾದ ಮಲಾವಿಯ ಕಡೆ ನೋಡಬೇಕು. ಅಲ್ಲಿನ ಜೋಂಬಾ ಜಿಲ್ಲೆಯಲ್ಲಿ 2008-09ರಲ್ಲಿ ತಿಂಗಳು ತಿಂಗಳು ಒಂದಿಷ್ಟು ಹಣ ಹೆತ್ತವರಿಗೆ, ಒಂದಿಷ್ಟು ಹುಡುಗಿಯ ಕೈಗೇ ಕೊಟ್ಟರು. ಹಾಜರಾತಿಯ ಷರತ್ತು ಹಾಕಿದ ಕಡೆ ಹೆಚ್ಚು ಹುಡುಗಿಯರು ಶಾಲೆಯಲ್ಲಿ ಉಳಿದರು. ಷರತ್ತೇ ಇಲ್ಲದ ಕಡೆ ಎಳೆವಯಸ್ಸಿನ ಮದುವೆ, ಬಸಿರು ಇಳಿದವು. ಎರಡೂ ಕಡೆ ದುಡ್ಡು ಸಿಕ್ಕಿದ್ದು ಆಯಾ ತಿಂಗಳೇ, ಪಾಸಾದ ಮೇಲಲ್ಲ. ಆದ್ದರಿಂದ ಸಾಹೇಬರೇ, ಮೊದಲ ಕಂತನ್ನು ಶಾಲೆ ತೆರೆಯುವ ವಾರವೇ ಬಡಿಸಿ. ಹೆಸರಿನ ಅಕ್ಷರದ ತಗಾದೆ ದಸರಾ ರಜೆಯೊಳಗೆ ತೀರಲಿ. ಅದನ್ನು ಕಚೇರಿ ಶಾಲೆಯನ್ನು ಕೇಳಲಿ, ಹುಡುಗಿಯನ್ನು ಸೈಬರ್ ಸೆಂಟರಿಗೆ ಅಟ್ಟಬೇಡಿ.