ಕೌಪೀನ ಸಂರಕ್ಷಣಾರ್ಥಂ ಆಲ್ಟರ್ನೇಟರ್

ಹಳೆಯ ಗಾಡಿ ಕೊಂಡವರ ಮನೆಯಲ್ಲಿ ಮಾತು ಎಲ್ಲಿಂದ ಶುರುವಾದರೂ ಬಾನೆಟ್ಟಿನೊಳಗೆ ಹೋಗಿ ನಿಲ್ಲುತ್ತದೆ. ಮಿಷಿಗನ್ನಿನಲ್ಲಿರುವ ನನ್ನ ಅಕ್ಕನ ಮಗನದು ಇನ್ನೂ ಒಂದು ಕೈ ಮೇಲೆ. ಅವನ ಮನೆಗಾಡಿಯ ಎಂಜಿನ್ ಇರುವುದು ನಡುಮನೆಯ ನೆಲದಡಿ. ಮುಂದಿನ ಸೀಟುಗಳ ನಡುವಿನ ಕಾರ್ಪೆಟ್ ಎತ್ತಿ ಮುಚ್ಚಳ ತೆಗೆದರೆ ದರ್ಶನ. ಕಾಫಿ ಲೋಟ ಇಡಲು ನಾನು ಜಾಗ ಹುಡುಕುತ್ತಿದ್ದರೆ, "ಮಾವ, ಅಲ್ಲಿ ಬೇಡ, ಅದು ಏರ್ ಕ್ಲೀನರ್" ಎಂದ.

ಗಾಡಿಯ ಹೆಸರು ಜಿಎಂಸಿ ಮೋಟರ್‌ಹೋಮ್. 1973ರಿಂದ 1978ರವರೆಗಿನ ಮಾದರಿಗಳು, ಅದೇ ಮಿಷಿಗನ್ನಿನ ಪಾಂಟಿಯಾಕ್ ಊರಿನಲ್ಲಿ ತಯಾರಾದವು. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ಎಂಜಿನ್ನು, ಮುಂದಿನ ಚಕ್ರಗಳನ್ನೇ ತಿರುಗಿಸುವ ಅದರ ಏರ್ಪಾಡು, ಎರಡನ್ನೂ ತಂದು ಇದರ ಮೂತಿಯಲ್ಲಿ ಕೂರಿಸಿದರು. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲದ್ದರಿಂದ ನೆಲ ತಗ್ಗಿತು. ಮಂಡಿನೋವಿನ ಅಕ್ಕ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾಳೆ. ಮಗನ ಈ ಹುಚ್ಚಿಗೆ ಅವಳು ಕೊಟ್ಟ ಸರ್ಟಿಫಿಕೇಟ್ ಅದೊಂದೇ. ಏಳೂವರೆ ಲೀಟರಿನ ಎಂಜಿನ್ ಕುಡಿಯುವ ಪೆಟ್ರೋಲಿನ ಮಾತನ್ನು ಅವಳೆದುರು ಯಾರೂ ಎತ್ತುವುದಿಲ್ಲ.

ಎಂಜಿನ್ ಬೆಲ್ಟಿನಿಂದ ತಿರುಗಿಸಿದಾಗ ವಿದ್ಯುತ್ ಹುಟ್ಟಿಸುವುದು ಆಲ್ಟರ್ನೇಟರ್. ಕಾರ್ಖಾನೆಯಿಂದ ಬಂದದ್ದು ಅಂದಿನ ದೀಪ, ಫ್ಯಾನು, ರೇಡಿಯೊಗಳನ್ನು ಸಾಕುತ್ತಿತ್ತು. ಹುಡುಗನಿಗೆ ಲಿಥಿಯಂ ಬ್ಯಾಟರಿ ಬೇಕು, ಇನ್ವರ್ಟರ್ ಬೇಕು, ಕಾಡಿನ ನಡುವೆ ಮಿಕ್ಸಿಯಲ್ಲಿ ಚಟ್ನಿ ಆಗಬೇಕು. ಹಸಿದ ಲಿಥಿಯಂ ಬ್ಯಾಟರಿಗೆ ಸಂಕೋಚವೆಂಬುದಿಲ್ಲ, ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ. ಹಳೆಯ ಆಲ್ಟರ್ನೇಟರ್ ಕಾದು ಕೆಂಡವಾಗುತ್ತದೆ. ಆದ್ದರಿಂದ ದೊಡ್ಡ ಆಲ್ಟರ್ನೇಟರ್ ಬಂತು.

ಸಂನ್ಯಾಸಿಯೊಬ್ಬ ಕೌಪೀನವನ್ನು ಇಲಿಯಿಂದ ಕಾಪಾಡಲು ಬೆಕ್ಕು ಸಾಕಿದ. ಬೆಕ್ಕಿಗೆ ಹಾಲು ಬೇಕೆಂದು ಹಸು ತಂದ. ಕಡೆಗೆ ಸಂಸಾರವೇ ಬಂತು. ಆಲ್ಟರ್ನೇಟರಿನದೂ ಅದೇ ಸಂಸಾರ. 14 ವೋಲ್ಟಿನಲ್ಲಿ 150 ಆಂಪಿಯರ್ ಎಂದರೆ 2,100 ವ್ಯಾಟ್. ನಡುವೆ ಶಾಖವಾಗಿ ಸೋರಿಹೋಗುವುದನ್ನೂ ಸೇರಿಸಿದರೆ ಬೆಲ್ಟು ಸುಮಾರು ನಾಲ್ಕೂವರೆ ಕುದುರೆಗಳ ಶಕ್ತಿಯನ್ನು ಹೊತ್ತು ತರಬೇಕು. ಒಂಟಿ ವಿ-ಬೆಲ್ಟಿಗೆ ಇದು ಮೀರಿದ ಭಾರ. ವಿ-ಬೆಲ್ಟು ಹಿಡಿಯುವುದು ಪುಲ್ಲಿಯ ತೋಡಿನ ಎರಡು ಓರೆ ಗೋಡೆಗಳನ್ನು. ಸವೆದು ತಳ ಮುಟ್ಟಿತೆಂದರೆ ಜಾರುತ್ತದೆ, ಕಿರುಚುತ್ತದೆ. ಬಿಗಿ ಮಾಡೋಣವೆಂದರೆ ಆಲ್ಟರ್ನೇಟರಿನ ಬೇರಿಂಗ್ ಹೋಗುತ್ತದೆ. ಜೊತೆಗೆ ಅದೇ ಬೆಲ್ಟಿನಲ್ಲಿ ವಾಟರ್ ಪಂಪ್ ಇದ್ದರೆ ಅದರದ್ದೂ.

"ಹಾಗಾದರೆ ಪಟ್ಟೆ ಬೆಲ್ಟು ಹಾಕಪ್ಪ, ಈಗಿನ ಕಾರುಗಳಿಗಿದೆಯಲ್ಲ" ಎಂದೆ. ಸಲಹೆ ಕೊಡಲು ಕಾಸು ಖರ್ಚಿಲ್ಲ. ಅವನು ಮುಚ್ಚಳದ ಪಕ್ಕ ಬೋರಲು ಮಲಗಿ, ಬೆರಳಲ್ಲೇ ದಾರಿ ತೋರಿಸಿದ. ಉದ್ದುದ್ದ ಗೀರುಗಳಿರುವ ಆ ಅಗಲ ಬೆಲ್ಟು ಹೊರಳಿಕೊಂಡು ತನ್ನ ನುಣುಪು ಬೆನ್ನಿನಿಂದ ವಾಟರ್ ಪಂಪನ್ನು ತಿರುಗಿಸಿದರೆ ಪಂಪು ಉಲ್ಟಾ ತಿರುಗುತ್ತದೆ. ಆಗ ಉಲ್ಟಾ ತಿರುಗಲೆಂದೇ ಮಾಡಿದ ಪಂಪು ಬೇಕು. ಪಂಪಿನ ಮುಂದೆ ಫ್ಯಾನಿದ್ದರೆ ಅದಕ್ಕೂ ಬೇರೆ ಅಲಗು. ಬೆಲ್ಟು ತಾನಾಗಿ ಬಿಗಿಯಾಗಿರಲು ಸ್ಪ್ರಿಂಗಿನ ಟೆನ್ಷನರ್, ಅದನ್ನು ಕೂರಿಸಲು ಮತ್ತೊಂದು ಬ್ರಾಕೆಟ್. ಬೆಕ್ಕು, ಹಾಲು, ಹಸು!

ನನ್ನ ದೃಷ್ಟಿಯಲ್ಲಿ ಇಡೀ ವ್ಯವಹಾರದ ಕಥಾನಾಯಕ ಆಲ್ಟರ್ನೇಟರನ್ನು ಹೊರುವ ಬ್ರಾಕೆಟ್ಟೇ. ತೆಳು ತಗಡಿನ ಪಟ್ಟಿಗೆ ಕಬ್ಬಿಣ, ತಾಮ್ರ ತುಂಬಿದ ದೊಡ್ಡ ಆಲ್ಟರ್ನೇಟರ್ ನೇತುಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಎಂಜಿನ್ನಿನ ನಡುಕ ಪಟ್ಟಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ, ಬೋಲ್ಟಿನ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ತರುತ್ತದೆ. ಹುಡುಗ ದಪ್ಪ ಪ್ಲೇಟಿನಲ್ಲಿ ಬ್ರಾಕೆಟ್ ಮಾಡಿಸಿದ. ಹಿಂದಿನ ತುದಿಗೂ ಒಂದು ಆಧಾರ ಕೊಟ್ಟ. ಉದ್ದನೆಯ ಸ್ಟೀಲ್ ಸ್ಕೇಲನ್ನು ಪುಲ್ಲಿಗಳ ಮುಖಕ್ಕೆ ಒತ್ತಿ, ಬೆಳಕು ತೂರುವ ಸಂದಿ ಹುಡುಕಿ, ಅಲ್ಲಿಗೊಂದು ವಾಷರ್, ಇಲ್ಲಿಗೊಂದು ವಾಷರ್ ತೂರಿಸಿದ. ಸೊಸೆಯನ್ನು ಹುಡುಕುವಾಗಲೂ ನಮ್ಮ ಮನೆಯವರು ಇಷ್ಟು ಕಣ್ಣಿಟ್ಟಿರಲಿಲ್ಲ.

ಚಟ್ನಿ ಆಯಿತು, ಉಪ್ಪು ಕಡಿಮೆಯೆಂದು ಅಕ್ಕ ತೀರ್ಪು ಕೊಟ್ಟಳು. ನಿಮ್ಮಲ್ಲಿ ಮನೆಗಾಡಿ ಇಲ್ಲದಿರಬಹುದು. ಆದರೆ ಹಳೆಯ ಅಂಬಾಸಡರಿಗೋ ಜೀಪಿಗೋ ದೊಡ್ಡ ಆಲ್ಟರ್ನೇಟರ್ ಹಾಕಿಸುವ ಆಸೆಯಿದ್ದರೆ ಮೊದಲು ಬ್ರಾಕೆಟ್ಟು, ಬೆಲ್ಟು, ದಪ್ಪ ವೈರುಗಳಿಗೆ ದುಡ್ಡು ಎತ್ತಿಡಿ. ಆಲ್ಟರ್ನೇಟರ್ ಆಮೇಲೆ ಕೊಳ್ಳಿ.