ಯುಕೆಜಿ ಘಟಿಕೋತ್ಸವ

ನಮ್ಮ ವಂಶದಲ್ಲಿ ಕಪ್ಪು ಗೌನು ತೊಟ್ಟು, ಹಲಗೆಟೋಪಿ ಏರಿಸಿ, ಸುರುಳಿ ಸುತ್ತಿದ ಪತ್ರ ಹಿಡಿದು ಫೋಟೋ ತೆಗೆಸಿಕೊಂಡ ಮೊದಲಿಗಳು ನನ್ನ ಮಗಳು. ವಯಸ್ಸು ಐದು ವರ್ಷ ಹತ್ತು ತಿಂಗಳು. ಹಾಗೆ ನೋಡಿದರೆ ನಾನೂ ಪದವೀಧರನೇ. ಆದರೆ ಮೈಸೂರಿನ ಕ್ರಾಫರ್ಡ್ ಭವನದಲ್ಲಿ ನಮ್ಮ ಸಾಲಿನವರ ಘಟಿಕೋತ್ಸವ ನಡೆದ ದಿನ ನಾನು ಬೆಂಗಳೂರಿನಲ್ಲಿ ಕೆಲಸ ಹುಡುಕಿಕೊಂಡು ಅಲೆಯುತ್ತಿದ್ದೆ. ಪದವಿ ಅಂಚೆಯಲ್ಲಿ ಬಂತು. ಅವ್ವ ಅದನ್ನು ಜಮೀನಿನ ಪಹಣಿಗಳ ಜೊತೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಗೌನು ಅಂಚೆಯಲ್ಲಿ ಬರುವುದಿಲ್ಲವಲ್ಲ.

ಮಗಳು ಪಡೆದದ್ದು ಯುಕೆಜಿ ಪದವಿ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎನ್ನುತ್ತದೆ ಸರ್ಕಾರದ ನಿಯಮ. ಅಂದರೆ ಒಂದನೇ ತರಗತಿಗೆ ಇನ್ನೂ ಅರ್ಹರಾಗದವರೆಲ್ಲ ಮಾರ್ಚಿಯಲ್ಲೇ ಪದವೀಧರರಾಗಿಬಿಟ್ಟರು. ನನ್ನ ಕಾಲದಲ್ಲಿ ಇಂಥ ಅವಸರವಿರಲಿಲ್ಲ. ನಾನು ಟಿ. ನರಸೀಪುರ ಕಡೆಯವನು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಯೋಜನೆ ಶುರುವಾದಾಗ ಮೊದಲು ಆರಿಸಿದ 33 ಕಡೆಗಳಲ್ಲಿ ನಮ್ಮದೂ ಒಂದು. ಹಾಗಾಗಿ ಅಂಗನವಾಡಿ ವಿಷಯದಲ್ಲಿ ನಮ್ಮವರಿಗೆ ಹಿರಿತನದ ಸಣ್ಣ ಗತ್ತಿದೆ. ಅಲ್ಲಿ ಸಮಾರಂಭ ಎಂದರೆ ಇಷ್ಟೇ: ಟೀಚರಮ್ಮ ಒಂದು ದಿನ ಕೈಹಿಡಿದು ಪಕ್ಕದ ಪ್ರೈಮರಿ ಶಾಲೆಗೆ ದಾಟಿಸಿದರು. ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎಂದರು. ಮುಟ್ಟಿದೆ. ಹೆಸರು ಹಾಜರಿ ಪುಸ್ತಕಕ್ಕೆ ಏರಿತು. 'ಇವ್ನು ಅಳ್ತಾನೆ, ಸ್ವಲ್ಪ ನೋಡ್ಕಳಿ ಮೇಷ್ಟ್ರೇ' ಎಂದು ಟೀಚರಮ್ಮ ಹೇಳಿದ್ದೇ ಘಟಿಕೋತ್ಸವ ಭಾಷಣ.

ಈಗ ಪಾಸ್ ಬೇಕು. 'ಒಂದು ಮಗುವಿಗೆ ಎರಡು ಪಾಸ್ ಮಾತ್ರ, ಪೋಷಕರಿಗೆ ಮಾತ್ರ' ಎಂದು ವಾಟ್ಸಾಪ್ ಗುಂಪಿನಲ್ಲಿ ಸುತ್ತೋಲೆ ಬಂದ ಸಂಜೆಯೇ ಅವ್ವ ಊರಿನಿಂದ ಬಂದಿಳಿದಳು. ಮೊಮ್ಮಗಳ ಕುಣಿತ ನೋಡಲಿಕ್ಕೆಂದೇ ಬಂದವಳು. ನನ್ನ ಹೆಂಡತಿ ಕ್ಷಣವೂ ಯೋಚಿಸದೆ, 'ರೀ, ನೀವು ಗೇಟಿನ ಹತ್ರ ನಿಂತಿರಿ, ಅತ್ತೆ ಒಳಗೆ ಬರಲಿ' ಎಂದು ತೀರ್ಪು ಕೊಟ್ಟಳು. ತೀರ್ಪು ಜಾರಿಯಾಗಲಿಲ್ಲ. ಗೇಟಿನಲ್ಲಿ ನಿಂತಿದ್ದ ವಾಚ್‌ಮನ್‌ಗೆ ಅವ್ವ ಮೊದಲು ಕೇಳಿದ್ದು 'ಯಾವೂರಪ್ಪ?' ಅಂತ. ಆತ ಬನ್ನೂರಿನವನು. ಅವ್ವನ ಚಿಕ್ಕಮ್ಮನನ್ನು ಕೊಟ್ಟದ್ದೂ ಬನ್ನೂರಿಗೇ. ಯಾರ ಮನೆ, ಯಾವ ಬೀದಿ, ಆ ವರ್ಷದ ಭತ್ತದ ರೇಟು ಎಲ್ಲ ಇತ್ಯರ್ಥವಾಗುವ ಹೊತ್ತಿಗೆ ಎರಡು ಪಾಸಿನಲ್ಲಿ ಮೂವರು ಒಳಗಿದ್ದೆವು.

ಮುಂದಿನ ಸಾಲಿನಲ್ಲಿ ಬಿಳಿ ಟವೆಲು ಹೊದಿಸಿದ ಸೋಫಾಗಳು. ಅವು ಅತಿಥಿಗಳಿಗೆ, ದಾನಿಗಳಿಗೆ. ನಮ್ಮಂಥವರಿಗೆ ಹಿಂದೆ ಪ್ಲಾಸ್ಟಿಕ್ ಕುರ್ಚಿ. ನಾಡಗೀತೆ ಎರಡೂವರೆ ನಿಮಿಷಕ್ಕೆ ಸರಿಯಾಗಿ ಮುಗಿಯಿತು. 2022ರಲ್ಲಿ ಸರ್ಕಾರ ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತು ಮಾಡಿತು. ಕುವೆಂಪು ಅವರ ಪದ್ಯಕ್ಕೇ ಗಡಿಯಾರ ಕಟ್ಟಿದವರು ಮುಖ್ಯ ಅತಿಥಿಗಳ ಕಡೆ ಯಾಕೋ ಕಣ್ಣೆತ್ತಿ ನೋಡಲಿಲ್ಲ. ಅಂದಿನ ಅತಿಥಿಗಳು ಜೀವನದ ಗುರಿ, ಸ್ಪರ್ಧಾತ್ಮಕ ಪರೀಕ್ಷೆ, ಸಮಯಪಾಲನೆ ಈ ಮೂರರ ಮೇಲೆ ಮಾತಾಡಿದರು. ಸಮಯಪಾಲನೆಯ ಮೇಲೆ ಅತಿ ಹೆಚ್ಚು ಹೊತ್ತು. ವೇದಿಕೆಯ ಪಕ್ಕದಲ್ಲಿ ವೇಷ ಹಾಕಿಕೊಂಡು ಕಾಯುತ್ತಿದ್ದ ಒನಕೆ ಓಬವ್ವ ನಿದ್ದೆ ಹೋದಳು.

ನಾಟಕ ಅವಳದ್ದೇ. ನನ್ನ ಮಗಳು ಹೈದರಾಲಿಯ ಸೈನಿಕ. ಬಾಡಿಗೆ ಅಂಗಡಿಯ ಪೇಟ, ಹೆಂಡತಿ ಕಾಡಿಗೆಯಲ್ಲಿ ಬರೆದ ಮೀಸೆ. ರಟ್ಟಿನ ಕೋಟೆಯ ಕಿಂಡಿಯಿಂದ ತಲೆ ಹಾಕಬೇಕು, ಏಟು ತಿನ್ನಬೇಕು, ಸಾಯಬೇಕು. ಮನೆಯಲ್ಲಿ ವಾರವಿಡೀ ಸತ್ತು ಸತ್ತು ಅಭ್ಯಾಸ ಮಾಡಿದ್ದಳು. ಅವ್ವನಿಗೆ ಮಾತ್ರ ಇದು ಹಿಡಿಸಿರಲಿಲ್ಲ. 'ಇಸ್ಕೂಲ್ನೋರಿಗೆ ಬದುಕೋ ಪಾಲ್ಟು ಯಾವ್ದೂ ಇರ್ಲಿಲ್ವಾ?' ಎಂದು ಗೊಣಗಿದ್ದಳು.

ಪರದೆ ಸರಿದದ್ದೇ ತಡ, ಸಭೆಯಲ್ಲಿದ್ದ ಅಷ್ಟೂ ಕೈಗಳು ಫೋನು ಹಿಡಿದು ಮೇಲೆದ್ದವು. ನನ್ನ ಮಗಳನ್ನು ನಾನು ನನ್ನ ಫೋನಿನಲ್ಲೂ ಅಲ್ಲ, ಮುಂದಿನವರ ಫೋನಿನ ಪರದೆಯಲ್ಲಿ ನೋಡಬೇಕಾಯಿತು. ಅವ್ವ ಆತನ ಭುಜ ತಟ್ಟಿ, 'ಸ್ವಾಮಿ, ಕೈ ಇಳ್ಸಿ, ನಿಮ್ಮ ಕೂಸು ಇನ್ನೂ ಬಂದಿಲ್ಲ' ಎಂದಳು. ಆತ ತಬ್ಬಿಬ್ಬಾಗಿ ಇಳಿಸಿದ. ಅವನ ಮಗು ಯಾವುದು ಅಂತ ಇವಳಿಗೆ ಹೇಗೆ ಗೊತ್ತು ಎಂದು ನಾನು ಬೆರಗಾದೆ. ಭಾಷಣದ ಹೊತ್ತಿನಲ್ಲಿ ಅಕ್ಕಪಕ್ಕದವರನ್ನೆಲ್ಲ ವಿಚಾರಿಸಿ ಮುಗಿಸಿದ್ದಳಂತೆ.

ನಾಟಕ ಹೇಗಾಯಿತು ಎಂದು ನನ್ನನ್ನು ಕೇಳಬೇಡಿ. ನಾವಿಬ್ಬರೂ ಮಗಳನ್ನು ಮಾತ್ರ ಝೂಮ್ ಮಾಡಿ ಹಿಡಿದೆವು. ಅದರಲ್ಲಿರುವುದು ಒಂದು ಪೇಟ, ಅರ್ಧ ಮೀಸೆ, ಬೇರೆ ಯಾರದೋ ಮೊಣಕೈ. ಪೂರ್ತಿ ಕಥೆ ರಾತ್ರಿ ಊಟದ ಹೊತ್ತಿಗೆ ಅವ್ವನಿಂದ ತಿಳಿಯಿತು. ಕಾವಲುಗಾರ ಮುದ್ದಹನುಮನ ಪಾತ್ರದ ಹುಡುಗನಿಗೆ ಡಬ್ಬಿಯಲ್ಲಿ ನಿಜವಾದ ಚಿತ್ರಾನ್ನ ಕೊಟ್ಟಿದ್ದರಂತೆ. ಶತ್ರುಗಳು ಬಂದರು, ಸತ್ತರು, ಕೋಟೆ ಉಳಿಯಿತು; ಅವನು ಮಾತ್ರ ತಲೆ ಎತ್ತದೆ ಕಡಲೆಕಾಯಿ ಬೀಜ ಆರಿಸಿ ತಿನ್ನುತ್ತಿದ್ದ. ಓಬವ್ವನ ಥರ್ಮಾಕೋಲ್ ಒನಕೆ ಮೊದಲ ಏಟಿಗೇ ಎರಡು ತುಂಡಾಯಿತು. ಉಳಿದ ಸೈನಿಕರಿಗೆ ಸಾಯಲು ಕಾರಣವೇ ಇರಲಿಲ್ಲ. ಆದರೂ ಮಿಸ್ ಕಣ್ಣು ಬಿಟ್ಟದ್ದನ್ನು ನೋಡಿ ಒಬ್ಬೊಬ್ಬರಾಗಿ ತಾವೇ ಮಲಗಿದರು. ನಮ್ಮವಳು ಸತ್ತ ಮೇಲೆ ಎದ್ದು ಕೂತು ಅಜ್ಜಿಗೆ ಟಾಟಾ ಮಾಡಿ ಮತ್ತೆ ಸತ್ತಳು. ಇದೆಲ್ಲವನ್ನೂ ಅವ್ವ ಪಾತ್ರ ಪಾತ್ರವಾಗಿ ಅಭಿನಯಿಸಿ ತೋರಿಸಿದಳು. ಮೂಲೆಯಲ್ಲಿ ಕೋಟೆಯ ರಟ್ಟು ಬೀಳದಂತೆ ಕೊನೆಯವರೆಗೂ ಹಿಡಿದು ನಿಂತಿದ್ದ ಹುಡುಗಿಯನ್ನು ಕೂಡ ಬಿಡಲಿಲ್ಲ. 'ಅವ್ಳೇ ಕಣ್ಲಾ ಚೆಂದಾಗಿ ಮಾಡಿದ್ದು' ಎಂಬುದು ಅವಳ ವಿಮರ್ಶೆ. ಆ ಹುಡುಗಿಗೆ ಅವ್ವ ಎದ್ದುನಿಂತು ಚಪ್ಪಾಳೆ ಹೊಡೆದಿದ್ದಳು. ನಮಗ್ಯಾರಿಗೂ ಅಂಥವಳೊಬ್ಬಳು ಅಲ್ಲಿದ್ದದ್ದೇ ಕಂಡಿರಲಿಲ್ಲ.

ಆಮೇಲೆ ಪದವಿ ಪ್ರದಾನ. ಮಾರ್ಚಿಯ ಬಿಸಿಲು ತಗಡಿನ ಚಾವಣಿಯಿಂದ ಇಳಿಯುತ್ತಿತ್ತು. ಚಳಿ ದೇಶದ ವಿಶ್ವವಿದ್ಯಾಲಯಗಳವರು ಮೈ ಬೆಚ್ಚಗಿರಲೆಂದು ತೊಡುತ್ತಿದ್ದ ನಿಲುವಂಗಿಯಲ್ಲಿ ನಮ್ಮ ಮಕ್ಕಳು ಬೆವರಿ ಬೆಂದರು. ಟೋಪಿಯ ಎಲಾಸ್ಟಿಕ್ ಗಲ್ಲ ಕೊರೆಯುತ್ತಿತ್ತು. ಕಾಡಿಗೆ ಮೀಸೆ ಒರೆಸಲು ಸಮಯ ಸಿಕ್ಕದೆ ನನ್ನ ಮಗಳು ಮೀಸೆಯ ಸಮೇತ ಪದವೀಧರೆಯಾದಳು. ಅವ್ವ ನನ್ನ ಕಿವಿಯಲ್ಲಿ, 'ಏನ್ಲಾ ಇದು, ಒಳ್ಳೆ ದಿನ ಕೂಸ್ಗೆ ಕರಿ ಬಟ್ಟೆ ಹಾಕವ್ರೆ? ಲಾಯರ್ ಓದ್ಸಿದ್ರಾ?' ಎಂದಳು. ಪದವಿ ಕಣವ್ವ ಎಂದೆ. 'ನಿನ್ಗೆ ಇಂಥದ್ದು ಹಾಕ್ಲಿಲ್ವಲ್ಲ' ಎಂದು ನನ್ನತ್ತ ಅನುಮಾನದಿಂದ ನೋಡಿದಳು. ಟ್ರಂಕಿನಲ್ಲಿರುವ ಪತ್ರದ ಬಗ್ಗೆ ಅವಳಿಗೆ ಅಂದಿನಿಂದ ನಂಬಿಕೆ ಹೋಗಿದೆ.

ಶಾಲೆಗಳ ಆಡಳಿತ ಮಂಡಳಿಯವರಲ್ಲಿ ಒಂದು ಅರಿಕೆ. ಗೌನು ಇರಲಿ, ಟೋಪಿ ಇರಲಿ, ಭಾಷಣವೂ ಇರಲಿ, ತಡೆಯಲು ನಮ್ಮಿಂದಾಗದು. ಮುಂದಿನ ಮಾರ್ಚಿಗೆ ಪಾಸ್ ಅಚ್ಚು ಹಾಕಿಸುವಾಗ ಮಾತ್ರ ಮಗುವಿಗೆ ಮೂರನೆಯದೊಂದು ಸೇರಿಸಿ, ಅದರ ಮೇಲೆ 'ಅಜ್ಜಿ ಅಥವಾ ತಾತನಿಗೆ' ಎಂದು ಬರೆಸಿ. ವೇದಿಕೆಯ ಮೇಲಿರುವ ಎಲ್ಲ ಮಕ್ಕಳನ್ನೂ ನೋಡುವವರು ಸಭೆಯಲ್ಲಿ ಕೆಲವರಾದರೂ ಇರಬೇಕು. ಜಾಗವಿಲ್ಲ ಎನ್ನಬೇಡಿ. ಮುಂದಿನ ಸಾಲಿನ ಸೋಫಾಗಳಿವೆ; ಮುಖ್ಯ ಅತಿಥಿಗಳು ಹೇಗಿದ್ದರೂ ತಮ್ಮ ಭಾಷಣ ಮುಗಿದ ಕೂಡಲೇ ಎದ್ದು ಹೊರಡುತ್ತಾರೆ.